1 ಟಿಬಿ ಟಿಎಲ್‌ಸಿಯೋ, 2 ಟಿಬಿ ಕ್ಯೂಎಲ್‌ಸಿಯೋ: ಮದುವೆ ವಿಡಿಯೊ ಕೆಲಸದಲ್ಲಿ ಎರಡನ್ನೂ ಬಳಸಿ ನೋಡಿದಾಗ

ವಿಜಯಪುರದಲ್ಲಿ ಮದುವೆ ವಿಡಿಯೊ ಎಡಿಟ್ ಮಾಡುವವರು ಎಸ್‌ಎಸ್‌ಡಿ, ಅಂದರೆ ಫ್ಲ್ಯಾಶ್ ಚಿಪ್‌ಗಳಲ್ಲಿ ಫೈಲು ಇಡುವ ಡ್ರೈವ್, ಕೊಳ್ಳಲು ಹೋದಾಗ, ಕೈಯಲ್ಲಿರುವ ದುಡ್ಡಿಗೆ ವೇಗ ನೋಡಬೇಕೋ ಜಾಗ ನೋಡಬೇಕೋ ಎಂಬ ಪ್ರಶ್ನೆ ಎದುರಾಗಿಯೇ ಆಗುತ್ತದೆ. ಟಿಎಲ್‌ಸಿ, ಕ್ಯೂಎಲ್‌ಸಿ ಎಂಬುವು ಆ ಚಿಪ್‌ಗಳ ಎರಡು ಬಗೆ. ನಮ್ಮ ಸ್ಟುಡಿಯೊದಲ್ಲಿ 1 ಟಿಬಿಯ ಒಂದು ಟಿಎಲ್‌ಸಿ ಡ್ರೈವನ್ನೂ 1 ಟಿಬಿ ಮತ್ತು 2 ಟಿಬಿಯ ಎರಡು ಕ್ಯೂಎಲ್‌ಸಿ ಡ್ರೈವ್‌ಗಳನ್ನೂ ಒಂದೇ ಕಂಪ್ಯೂಟರಿನ ಸಾಟಾ (ಡ್ರೈವ್ ಜೋಡಿಸುವ) ಪೋರ್ಟಿಗೆ ಜೋಡಿಸಿ, ಒಂದು ಮದುವೆ ಸೀಸನ್ ಪೂರ್ತಿ ಒಂದೇ ಬಗೆಯ ಕೆಲಸಕ್ಕೆ ಬಳಸಿದ್ದೇವೆ.

ಕೆಲಸದ ಅಳತೆ ಹೀಗಿದೆ. ಸೆಕೆಂಡಿಗೆ 100 ಮೆಗಾಬಿಟ್ ದರದಲ್ಲಿ 4ಕೆ ವಿಡಿಯೊ ತೆಗೆದರೆ ತಾಸಿಗೆ 45 ಜಿಬಿ ಆಗುತ್ತದೆ. ಅರಿಶಿನದಿಂದ ಅಕ್ಷತೆಯವರೆಗೆ ಎರಡು ಕ್ಯಾಮೆರಾ ಆರಾರು ತಾಸು ಓಡಿದರೆ ಒಂದೇ ಮದುವೆಯ ಫೂಟೇಜ್ 540 ಜಿಬಿ ತಲುಪುತ್ತದೆ.

ಚಿಪ್‌ನಲ್ಲಿ ಡೇಟಾ ನಿಲ್ಲುವುದು ಕೋಶಗಳೆಂಬ ಸಣ್ಣ ಸಣ್ಣ ಮನೆಗಳಲ್ಲಿ. ಟಿಎಲ್‌ಸಿಯ ಒಂದು ಕೋಶದಲ್ಲಿ 3 ಬಿಟ್ ಇರುತ್ತವೆ, ಅದಕ್ಕಾಗಿ 8 ವೋಲ್ಟೇಜ್ ಮಟ್ಟಗಳನ್ನು ಬೇರ್ಪಡಿಸಬೇಕು. ಕ್ಯೂಎಲ್‌ಸಿಯಲ್ಲಿ 4 ಬಿಟ್, ಅಂದರೆ 16 ಮಟ್ಟಗಳು. ಜಾಗ ಮೂರನೇ ಒಂದು ಪಾಲಷ್ಟು ಹೆಚ್ಚಿದರೆ ಮಟ್ಟಗಳು ದುಪ್ಪಟ್ಟಾಗುತ್ತವೆ, ಅಷ್ಟು ಸಣ್ಣ ಅಂತರದಲ್ಲಿ ವಿದ್ಯುದಂಶವನ್ನು ನಿಲ್ಲಿಸಲು ಬರೆಯುವ ಹೊತ್ತಿನಲ್ಲಿ ಹೆಚ್ಚು ಸಮಯ ಹಿಡಿಯುತ್ತದೆ, ಕೋಶವೂ ಬೇಗ ಸವೆಯುತ್ತದೆ. ಇದನ್ನು ಮರೆಮಾಡಲೆಂದೇ ಡ್ರೈವನ್ನು ನಡೆಸುವ ಕಂಟ್ರೋಲರ್ ಚಿಪ್ ಒಂದಷ್ಟು ಕೋಶಗಳನ್ನು ಕೋಶಕ್ಕೆ ಒಂದೇ ಬಿಟ್‌ನಂತೆ ಬಳಸಿ ಎಸ್‌ಎಲ್‌ಸಿ ಕ್ಯಾಶ್ ಎಂಬ ವೇಗದ ತಾತ್ಕಾಲಿಕ ಜಾಗ ಮಾಡಿಕೊಳ್ಳುತ್ತದೆ. ಜೋಳವನ್ನು ಮೊದಲು ಕಣದಲ್ಲಿ ಹರವಿ, ಬಿಡುವಾದಾಗ ಹಗೇವಿಗೆ ತುಂಬುವ ಹಾಗೆ, ಬಂದ ಡೇಟಾವನ್ನು ಮೊದಲು ಕ್ಯಾಶಿನಲ್ಲಿ ಇಳಿಸಿಕೊಂಡು ಕೆಲಸವಿಲ್ಲದ ಹೊತ್ತಿನಲ್ಲಿ ಒತ್ತಾಗಿ ಬರೆದಿಡುತ್ತದೆ. ಆದರೆ ಕ್ಯೂಎಲ್‌ಸಿಯಲ್ಲಿ 1 ಜಿಬಿ ಕ್ಯಾಶಿಗೆ 4 ಜಿಬಿ ಜಾಗ ಬಿಟ್ಟುಕೊಡಬೇಕು. ಆದ್ದರಿಂದ ಡ್ರೈವ್ ತುಂಬುತ್ತ ಹೋದಂತೆ ಕ್ಯಾಶೂ ಕುಗ್ಗುತ್ತದೆ.

ತಯಾರಕರು ಇದನ್ನು ಮುಚ್ಚಿಟ್ಟಿಲ್ಲ. ಸ್ಯಾಮ್‌ಸಂಗ್ 870 ಕ್ಯುವಿಒ ಎಂಬ ಕ್ಯೂಎಲ್‌ಸಿ ಡ್ರೈವಿನ ವಿವರಪಟ್ಟಿಯಲ್ಲಿ 1 ಟಿಬಿಗೆ ಗರಿಷ್ಠ 42 ಜಿಬಿ ಕ್ಯಾಶ್, ಅದು ಮುಗಿದ ಮೇಲೆ ಸೆಕೆಂಡಿಗೆ 80 ಎಂಬಿ ಎಂದಿದೆ. 2 ಟಿಬಿಗೆ 78 ಜಿಬಿ ಕ್ಯಾಶ್, ಆಮೇಲೆ 160 ಎಂಬಿ. ನಾವು ಬಳಸಿದವು ಬೇರೆ ಕಂಪನಿಯವಾದರೂ ಅವುಗಳ ನಡತೆ ಹೆಚ್ಚುಕಡಿಮೆ ಹೀಗೆಯೇ ಇತ್ತು. ವಿವರಪಟ್ಟಿಯ ಆ ಎರಡು ಸಾಲುಗಳನ್ನು ಕೊಳ್ಳುವವರು ಗಮನವಿಟ್ಟು ಓದಬೇಕು, ಏಕೆಂದರೆ ಚಿಪ್‌ಗಳು ಹೆಚ್ಚಿದ್ದರೆ ಏಕಕಾಲಕ್ಕೆ ಹೆಚ್ಚು ಕಡೆ ಬರೆಯಬಹುದಾಗಿ, ಕ್ಯೂಎಲ್‌ಸಿಯಲ್ಲಿ ಜಾಗದ ಜೊತೆಗೇ ವೇಗವೂ ಬರುತ್ತದೆ.

ಕಾರ್ಡಿನಿಂದ ಕಾಪಿ ಮಾಡುವಾಗ ಟಿಎಲ್‌ಸಿಗೂ 2 ಟಿಬಿ ಕ್ಯೂಎಲ್‌ಸಿಗೂ ವ್ಯತ್ಯಾಸವೇ ಕಾಣಲಿಲ್ಲ. ಕ್ಯಾಮೆರಾದ ಯುಎಚ್‌ಎಸ್-1 ಬಗೆಯ ಎಸ್‌ಡಿ ಕಾರ್ಡಿನ ಸಂಪರ್ಕದ ಮಿತಿಯೇ ಸೆಕೆಂಡಿಗೆ 104 ಎಂಬಿ ಆಗಿರುವುದರಿಂದ, 160ರಲ್ಲಿ ಬರೆಯುವ ಡ್ರೈವ್ ಕ್ಯಾಶ್ ಮುಗಿದ ಮೇಲೂ ಕಾರ್ಡಿಗಾಗಿ ಕಾಯುತ್ತ ಕೂಡುತ್ತದೆ. 1 ಟಿಬಿ ಕ್ಯೂಎಲ್‌ಸಿ ಮಾತ್ರ ಕಾರ್ಡಿಗಿಂತಲೂ ಹಿಂದೆ ಬಿತ್ತು. ಎರಡು ಕಾರ್ಡ್ ರೀಡರ್ ಹಚ್ಚಿ ಎರಡೂ ಕ್ಯಾಮೆರಾಗಳ ಕಾರ್ಡನ್ನು ಒಟ್ಟಿಗೆ ಇಳಿಸಿದಾಗಲೇ 2 ಟಿಬಿಯದೂ ಸ್ವಲ್ಪ ತಡವರಿಸತೊಡಗಿದ್ದು.

ನಿಜವಾದ ಅಂತರ ಕಂಡದ್ದು ಒಂದು ಎಸ್‌ಎಸ್‌ಡಿಯಿಂದ ಇನ್ನೊಂದಕ್ಕೆ ಇಡೀ ಮದುವೆಯ ಫೋಲ್ಡರ್ ಸಾಗಿಸುವಾಗ. ವಿಂಡೋಸ್ ಕಾಪಿ ಕಿಟಕಿಯ ಹಸಿರು ಗೆರೆ ಟಿಎಲ್‌ಸಿಯಲ್ಲಿ 500 ಎಂಬಿಯ ಆಸುಪಾಸಿನಲ್ಲಿ ಕೊನೆಯವರೆಗೂ ಸಮನಾಗಿ ಸಾಗಿತು. ಕ್ಯೂಎಲ್‌ಸಿಯಲ್ಲಿ ಅಷ್ಟೇ ಎತ್ತರದಲ್ಲಿ ಹೊರಟು, ಕ್ಯಾಶ್ ಮುಗಿದ ಗಳಿಗೆಗೆ ಮೆಟ್ಟಿಲಿನಿಂದ ಕಾಲು ಜಾರಿದವರಂತೆ ದಿಢೀರನೆ ಕೆಳಗಿಳಿದು, ಆ ಮೇಲೆ ಮತ್ತೆ ಏಳಲೇ ಇಲ್ಲ. 540 ಜಿಬಿಗೆ ಲೆಕ್ಕ ಹಾಕಿದರೆ ಟಿಎಲ್‌ಸಿಗೆ ಸುಮಾರು 18 ನಿಮಿಷ, 2 ಟಿಬಿ ಕ್ಯೂಎಲ್‌ಸಿಗೆ ಸುಮಾರು 50 ನಿಮಿಷ, 1 ಟಿಬಿ ಕ್ಯೂಎಲ್‌ಸಿಗೆ ಪೌಣೆ ಎರಡು ತಾಸು ಬೇಕು. ಟೈಮ್‌ಲೈನಿನಲ್ಲಿ ಹಿಂದೆ ಮುಂದೆ ಸರಿಸಿ ನೋಡುವ ಕೆಲಸದಲ್ಲಿ ಓದುವುದೇ ಹೆಚ್ಚಾದ್ದರಿಂದ ಮೂರೂ ಸರಿಯಾಗಿಯೇ ನಡೆದವು.

ತುಂಬಿದ ಡ್ರೈವಿನ ಮಾತು ಬೇರೆ. ಫ್ಲ್ಯಾಶಿನಲ್ಲಿ ಬರೆಯುವುದು ಪುಟ ಪುಟವಾಗಿ, ಅಳಿಸುವುದು ಮಾತ್ರ ನೂರಾರು ಪುಟಗಳ ಇಡೀ ಬ್ಲಾಕನ್ನು ಒಟ್ಟಿಗೆ; ಹೀಗಾಗಿ ಖಾಲಿ ಬ್ಲಾಕ್ ಸಿಗದಿದ್ದಾಗ ಕಂಟ್ರೋಲರ್ ಉಪಯೋಗದಲ್ಲಿರುವ ಪುಟಗಳನ್ನು ಬೇರೆಡೆಗೆ ಸಾಗಿಸಿ, ಬ್ಲಾಕ್ ಅಳಿಸಿ, ಆಮೇಲೆ ಹೊಸದನ್ನು ಬರೆಯಬೇಕಾಗುತ್ತದೆ. ಡ್ರೈವ್ ಅಂಚಿನವರೆಗೆ ತುಂಬಿದಾಗ ಟಿಎಲ್‌ಸಿಯೂ ಎಕ್ಸ್‌ಪೋರ್ಟ್ ಮಧ್ಯೆ ನಿಂತು ನಿಂತು ಸಾಗಿತು. ನಾವು 2 ಟಿಬಿ ಕ್ಯೂಎಲ್‌ಸಿಯಲ್ಲಿ ಕಾಲು ಭಾಗಕ್ಕೆ ಪಾರ್ಟಿಷನ್ ಮಾಡದೆ, ಫೈಲುಗಳು ಹೋಗದಂತೆ ಖಾಲಿ ಬಿಟ್ಟೆವು. ಈ ತಡೆತ ಬಹುಪಾಲು ನಿಂತಿತು. ಆದರೆ ಕ್ಯಾಶ್ ಮುಗಿದ ನಂತರದ ವೇಗ ಕಿಂಚಿತ್ತೂ ಏರಲಿಲ್ಲ, ಏಕೆಂದರೆ ಅದು ಕೋಶದ ಗುಣ. ಅಳಿಸಿದ ಫೈಲುಗಳ ಜಾಗ ಯಾವುದೆಂದು ಡ್ರೈವಿಗೆ ತಿಳಿಸುವ ಟ್ರಿಮ್ ಆಜ್ಞೆ ನಡೆಯುತ್ತಿದೆಯೇ ಎಂಬುದನ್ನೂ ನೋಡಿಕೊಳ್ಳಬೇಕು. ಡ್ರೈವನ್ನು ಹೊರಗಿನಿಂದ ಜೋಡಿಸುವ ಕೆಲವು ಯುಎಸ್‌ಬಿ ಡಬ್ಬಿಗಳು ಅದನ್ನು ಒಳಗೆ ಬಿಡುವುದೇ ಇಲ್ಲ.

ಇದಕ್ಕಿಂತ ದೊಡ್ಡ ಫಲ ಕೊಟ್ಟದ್ದು ಬಿಡುವು. ರಾತ್ರಿ ಶೂಟಿಂಗ್ ಮುಗಿಸಿ ಬಂದು ಕಾಪಿ ಆದ ಕೂಡಲೇ ಕಂಪ್ಯೂಟರ್ ಬಂದ್ ಮಾಡಿದರೆ ಕ್ಯಾಶ್ ಬರಿದಾಗಲು ಸಮಯವೇ ಸಿಗದೆ, ಮರುದಿನ ಬೆಳಿಗ್ಗೆ ಮೊದಲ ಕಾಪಿಯೇ ನಿಧಾನವಾಗುತ್ತಿತ್ತು. ಈಗ ಕಾಪಿಯ ನಂತರ ಒಂದಷ್ಟು ಹೊತ್ತು ಯಂತ್ರವನ್ನು ಸುಮ್ಮನೆ ಚಾಲೂ ಬಿಡುತ್ತೇವೆ.

ಬಾಳಿಕೆಯ ಭಯ ಅತಿಯಾಗಿ ಹಬ್ಬಿದೆ ಎನ್ನುವುದು ನನ್ನ ಅಭಿಪ್ರಾಯ. ಸ್ಯಾಮ್‌ಸಂಗಿನದೇ 1 ಟಿಬಿ 870 ಇವೊ ಎಂಬ ಟಿಎಲ್‌ಸಿಗೆ ಒಟ್ಟು 600 ಟಿಬಿ ಬರೆಯುವವರೆಗೆ ವಾರಂಟಿ ಇದ್ದರೆ, ಕ್ಯುವಿಒ 1 ಟಿಬಿಗೆ 360, 2 ಟಿಬಿಗೆ 720. ಆ 360ರಲ್ಲೇ ಮೇಲೆ ಹೇಳಿದಂಥ 600ಕ್ಕೂ ಹೆಚ್ಚು ಮದುವೆಗಳ ಮೂಲ ಫೂಟೇಜ್ ಹಿಡಿಸುತ್ತದೆ.

ಒಂದೇ ಡ್ರೈವ್ ಕೊಳ್ಳುವ ಸಣ್ಣ ಸ್ಟುಡಿಯೊದವರಿಗೆ ನಾನು 2 ಟಿಬಿ ಕ್ಯೂಎಲ್‌ಸಿಯನ್ನೇ ಹೇಳುತ್ತೇನೆ; ದಿನವೂ ದೊಡ್ಡ ಎಕ್ಸ್‌ಪೋರ್ಟ್ ಮತ್ತು ಡ್ರೈವಿನಿಂದ ಡ್ರೈವಿಗೆ ಸಾಗಾಟ ಇರುವವರಿಗೆ ಟಿಎಲ್‌ಸಿ ಬೇಕೇ ಬೇಕು; 1 ಟಿಬಿ ಕ್ಯೂಎಲ್‌ಸಿಯನ್ನು ಯಾರಿಗೂ ಹೇಳಲಾರೆ. ಇನ್ನು ಗಿರಾಕಿಗೆ ಒಪ್ಪಿಸಿದ ಹಳೆಯ ಮದುವೆಗಳನ್ನು ಈ ಮೂರರಲ್ಲಿ ಯಾವುದರಲ್ಲೂ ತುಂಬಿ ಕಪಾಟಿನಲ್ಲಿ ಇಡಬಾರದು. ಚಿಪ್ ಉದ್ಯಮದ ಮಾನದಂಡ ಸಂಸ್ಥೆಯಾದ ಜೆಡೆಕ್ ಸಾಮಾನ್ಯ ಬಳಕೆಯ ಎಸ್‌ಎಸ್‌ಡಿಗೆ ಕೇಳುವುದು, ಬರಹದ ಮಿತಿ ಮುಗಿದ ಮೇಲೆ ವಿದ್ಯುತ್ ಇಲ್ಲದೆ 30 ಡಿಗ್ರಿಯಲ್ಲಿ ಒಂದು ವರ್ಷ ಡೇಟಾ ಉಳಿಯಬೇಕೆಂದಷ್ಟೇ. ಬಿಸಿ ಏರಿದಷ್ಟೂ ಆ ಅವಧಿ ಕಡಿಮೆಯಾಗುತ್ತದೆ, ನಮ್ಮ ಬೇಸಿಗೆಯಾದರೋ 40ರ ಸುತ್ತ ಇರುತ್ತದೆ. ಹಳೆಯ ಮದುವೆಗಳಿಗೆ ನಾವು ಎರಡು ಹಾರ್ಡ್ ಡಿಸ್ಕ್ ಇಟ್ಟಿದ್ದೇವೆ, ಒಂದು ಸ್ಟುಡಿಯೊದಲ್ಲಿ, ಇನ್ನೊಂದು ಮನೆಯಲ್ಲಿ.