ಬಿಎ ಓದುವವರಿಗೆ ಸ್ವಯಂ: ಯಾವ ಪೇಪರ್‌ಗೆ ಹೊಂದುತ್ತದೆ, ಯಾವುದಕ್ಕೆ ಹೊಂದುವುದಿಲ್ಲ

"ಫ್ರೀ ಕೋರ್ಸು, ಸೇರ್ಕೊಳ್ಳಿ, ಕ್ರೆಡಿಟ್ ಸಿಗುತ್ತೆ." ಆನ್‌ಲೈನ್ ಕೋರ್ಸ್‌ಗಳ ಸರ್ಕಾರಿ ವೇದಿಕೆ ಸ್ವಯಂ ಬಗ್ಗೆ ಕಾಲೇಜು ನೋಟಿಸ್ ಬೋರ್ಡ್‌ಗಳಲ್ಲಿ ಕಾಣುವುದು ಹೆಚ್ಚುಕಮ್ಮಿ ಇಷ್ಟೇ. ಇದರಲ್ಲಿ ಅರ್ಧ ಮಾತ್ರ ನಿಜ. ಪಾಠ ಕೇಳುವುದಕ್ಕೆ ದುಡ್ಡಿಲ್ಲ, ಪರೀಕ್ಷೆಗೆ ಇದೆ. ಇನ್ನು ಕ್ರೆಡಿಟ್, ಅಂದರೆ ಪದವಿಗೆ ಕೂಡಿಸಬೇಕಾದ ಓದಿನ ಅಳತೆ, ಕೊಡುವುದು ಸ್ವಯಂ ಅಲ್ಲ, ನಿಮ್ಮ ವಿಶ್ವವಿದ್ಯಾಲಯ. ಸ್ವಯಂ ಕೊಡುವುದು ಸರ್ಟಿಫಿಕೇಟು. ಅದು ಮಾರ್ಕ್ಸ್ ಕಾರ್ಡಿಗೆ ಇಳಿಯಬೇಕಾದರೆ ನಡುವೆ ನಾಲ್ಕೈದು ಬಾಗಿಲು ದಾಟಬೇಕು, ಒಂದೊಂದಕ್ಕೂ ಬೇರೆ ಬೇರೆ ಬೀಗ.

ಕೇಂದ್ರ ಸರ್ಕಾರದ ಈ ವೇದಿಕೆ ಶುರುವಾಗಿದ್ದು 2017ರ ಜುಲೈನಲ್ಲಿ. ಒಳಗೆ ಎಲ್ಲವೂ ಒಂದೇ ಸಂಸ್ಥೆಯ ಸರಕಲ್ಲ. ಐಐಟಿಗಳು ಮತ್ತು ಐಐಎಸ್‌ಸಿ ಸೇರಿ ನಡೆಸುವ ಎನ್‌ಪಿಟಿಇಎಲ್, ಪದವಿ ಮಟ್ಟದ ಕೋರ್ಸ್ ತಯಾರಿಸುವ ಸಿಇಸಿ, ದೂರಶಿಕ್ಷಣದ ಇಗ್ನೋ ಹೀಗೆ ಹಲವರು ಇಲ್ಲಿ ಪಾಲುದಾರರು. ಒಂದೇ ಲಾಗಿನ್ ಆದ್ದರಿಂದ ನಿಯಮವೂ ಒಂದೇ ಎಂದುಕೊಳ್ಳುವುದು ಸಹಜ, ಆದರೆ ತಪ್ಪು. ಪರೀಕ್ಷೆ ನಡೆಸುವವರು, ಅಂಕದ ಹಂಚಿಕೆ, ವಾರಗಳ ಸಂಖ್ಯೆ ಎಲ್ಲವೂ ಬದಲಾಗುತ್ತದೆ. ಕೋರ್ಸ್ ಪುಟದಲ್ಲಿ ಮೊದಲು ನೋಡಬೇಕಾದ್ದು ವಿಷಯದ ಹೆಸರನ್ನಲ್ಲ, ಅದು ಯಾರ ಕೋರ್ಸು ಎಂಬುದನ್ನು.

ಬಿಎ ವಿದ್ಯಾರ್ಥಿಗೆ ಬೇಕಾದ ಅಸಲಿ ಲೆಕ್ಕ ಮುಂದಿದೆ. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2022ರ ಡಿಸೆಂಬರ್‌ನಲ್ಲಿ ಹೊರಡಿಸಿದ ಕ್ರೆಡಿಟ್ ಚೌಕಟ್ಟಿನ ಪ್ರಕಾರ ಮೂರು ವರ್ಷದ ಪದವಿಗೆ ಕನಿಷ್ಠ 120 ಕ್ರೆಡಿಟ್. ಅದರಲ್ಲಿ ಮೇಜರ್ ಅಂದರೆ ಮುಖ್ಯ ವಿಷಯಕ್ಕೆ 60, ಮೈನರ್ ಅಂದರೆ ಉಪವಿಷಯಕ್ಕೆ 24, ಬಹುಶಿಸ್ತೀಯ (ಬೇರೆ ಶಾಸ್ತ್ರಗಳ) ಕೋರ್ಸ್‌ಗಳಿಗೆ 9, ಭಾಷಾ ಸಾಮರ್ಥ್ಯಕ್ಕೆ 8, ಕೌಶಲಕ್ಕೆ 9, ಮೌಲ್ಯವರ್ಧಿತ ಕೋರ್ಸ್‌ಗಳಿಗೆ 6ರಿಂದ 8, ಇಂಟರ್ನ್‌ಶಿಪ್‌ಗೆ 2ರಿಂದ 4. ಈಗ ಎನ್‌ಪಿಟಿಇಎಲ್ ಕಡೆ ನೋಡಿ: 4 ವಾರಕ್ಕೆ 1 ಕ್ರೆಡಿಟ್, 8 ವಾರಕ್ಕೆ 2, 12 ವಾರಕ್ಕೆ 3. ಬಹುಶಿಸ್ತೀಯ 9 ಅಂದರೆ ಮೂರು ಕ್ರೆಡಿಟ್‌ನ ಮೂರು ಪೇಪರ್. 12 ವಾರದ ಕೋರ್ಸ್ ಅಲ್ಲಿ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂರುತ್ತದೆ. ಮೌಲ್ಯವರ್ಧಿತ ಪೇಪರ್ 2 ಕ್ರೆಡಿಟ್‌ದಾದರೆ 8 ವಾರದ್ದು ಸಾಕು. ಆದರೆ ಮೇಜರ್ ಪೇಪರ್ 4 ಕ್ರೆಡಿಟ್ ಇರುವ ಕಡೆ 12 ವಾರ ಕೂತು ಓದಿದರೂ ಒಂದು ಕ್ರೆಡಿಟ್ ಕೊರತೆ. ಆ ಒಂದನ್ನು ತುಂಬಲು 4 ವಾರದ ಇನ್ನೊಂದು ಕೋರ್ಸ್ ಅಂಟಿಸಬಹುದೇ ಎಂದು ಕೇಳುವವರಿದ್ದಾರೆ. ವಿಶ್ವವಿದ್ಯಾಲಯ ಬರವಣಿಗೆಯಲ್ಲಿ ಒಪ್ಪದೆ ಆ ಸಾಹಸಕ್ಕೆ ಇಳಿಯಬಾರದು. ಸಾಮಾನ್ಯವಾಗಿ ಒಂದು ಪೇಪರ್‌ಗೆ ಬದಲಾಗಿ ಒಪ್ಪುವುದು ಒಂದು ಕೋರ್ಸನ್ನೇ. ಮೇಜರ್‌ಗೇ ಬೇಕೆಂದಿದ್ದರೆ ಸಿಇಸಿ ಪಟ್ಟಿಯಲ್ಲಿ ಹುಡುಕುವುದು ಮೇಲು. ಅಲ್ಲಿ 4 ಕ್ರೆಡಿಟ್‌ನ ಕೋರ್ಸ್‌ಗಳಿವೆ, ಪಠ್ಯವೂ ಪದವಿ ಸಿಲೆಬಸ್‌ಗೆ ಹತ್ತಿರ.

ಹಾಗಾಗಿ ನಮ್ಮ ತೀರ್ಪು ನೇರವಾಗಿದೆ. ಪಕ್ಕದ ಪೇಪರ್‌ಗಳಿಗೆ ಸ್ವಯಂ ಚೆನ್ನಾಗಿದೆ, ಮೇಜರ್‌ಗೆ ಬೇಡ. ಕ್ರೆಡಿಟ್ ಲೆಕ್ಕ ಒಂದೇ ಇದಕ್ಕೆ ಕಾರಣವಲ್ಲ. ವಾರದ ಅಸೈನ್‌ಮೆಂಟುಗಳಲ್ಲಿ ಬರುವುದು ಬಹುಪಾಲು ಬಹು ಆಯ್ಕೆಯ ಪ್ರಶ್ನೆ. ಇತಿಹಾಸವನ್ನೋ ಸಾಹಿತ್ಯವನ್ನೋ ಮೇಜರ್ ಮಾಡಿಕೊಂಡವರು ಕಲಿಯಬೇಕಾದ್ದು ನಾಲ್ಕು ಪುಟ ವಾದ ಕಟ್ಟುವುದನ್ನು. ಮೇಷ್ಟ್ರು ಮೂರನೇ ವಿಡಿಯೋದಲ್ಲಿ ಯಾವ ಪದ ಬಳಸಿದರು ಎಂದು ಟಿಕ್ ಹಾಕುವುದರಿಂದ ಅದು ಬರುವುದಿಲ್ಲ. ಪಾಠಗಳ ಗುಣಮಟ್ಟದ ಬಗ್ಗೆ ತಕರಾರಿಲ್ಲ. ತತ್ವಶಾಸ್ತ್ರ, ಮನಃಶಾಸ್ತ್ರ, ಭಾಷಾವಿಜ್ಞಾನದಲ್ಲಿ ಊರಿನ ಕಾಲೇಜಿನಲ್ಲಿ ಸಿಗದ ವಿಷಯಗಳು ಇಲ್ಲಿವೆ. ತಕರಾರಿರುವುದು ಪರೀಕ್ಷಿಸುವ ರೀತಿಯ ಬಗ್ಗೆ. ಕನ್ನಡ ಮಾಧ್ಯಮದವರಿಗೆ ಇನ್ನೊಂದು ಮಾತು: ಕೆಲವು ಎನ್‌ಪಿಟಿಇಎಲ್ ಕೋರ್ಸ್‌ಗಳ ಪಾಠಕ್ಕೆ ಕನ್ನಡ ಅನುವಾದ ಇದೆ, ಆದರೆ ಪ್ರಶ್ನೆಗಳು ಸಾಮಾನ್ಯವಾಗಿ ಇಂಗ್ಲಿಷಿನಲ್ಲೇ ಬರುತ್ತವೆ. ಮೊದಲ ವಾರದ ಅಸೈನ್‌ಮೆಂಟ್ ತೆರೆದು ನೋಡಿ ಆಮೇಲೆ ಮುಂದುವರಿಯಿರಿ.

ಎಷ್ಟು ಪೇಪರ್ ಹೀಗೆ ಮಾಡಬಹುದು? ಯುಜಿಸಿಯ 2021ರ ನಿಯಮಾವಳಿ ಹೇಳುವುದು, ಒಂದು ಸೆಮಿಸ್ಟರ್‌ನಲ್ಲಿ ಆ ಪದವಿಯ ಒಟ್ಟು ಕೋರ್ಸ್‌ಗಳ ಶೇ. 40ರವರೆಗೆ ಎಂದು. ಇದನ್ನು ಓದುವಾಗ ಜನ ಎರಡು ಕಡೆ ಎಡವುತ್ತಾರೆ. ಒಂದು, ಇದು ಸೆಮಿಸ್ಟರ್ ಲೆಕ್ಕ. ಮೊದಲ ವರ್ಷ ಒಂದೂ ಮಾಡದೆ ಉಳಿಸಿಕೊಂಡದ್ದನ್ನು ಕೊನೆಯಲ್ಲಿ ಒಟ್ಟಿಗೆ ಸುರಿಯಲಾಗದು. ಎರಡು, ಇದು ಮೇಲ್ಮಿತಿ, ಹಕ್ಕಲ್ಲ. ಆರು ಪೇಪರ್ ಇರುವ ಸೆಮ್‌ನಲ್ಲಿ ಶೇ. 40 ಅಂದರೆ 2.4, ಅಂದರೆ ಎರಡೇ. ವಿಶ್ವವಿದ್ಯಾಲಯ "ನಮ್ಮಲ್ಲಿ ಒಂದು ಮಾತ್ರ" ಅಂದರೆ ಒಂದೇ.

ಅನುಮತಿಯ ವಿಷಯಕ್ಕೆ ಬನ್ನಿ. ಯಾವ ಕೋರ್ಸ್‌ಗಳನ್ನು ಕ್ರೆಡಿಟ್‌ಗೆ ಒಪ್ಪುತ್ತೇವೆ ಎಂದು ಅಕಾಡೆಮಿಕ್ ಕೌನ್ಸಿಲ್‌ನಲ್ಲಿ ಪಾಸು ಮಾಡಿ ಪಟ್ಟಿ ಕೊಡಬೇಕಾದ್ದು ವಿಶ್ವವಿದ್ಯಾಲಯ. ಆ ಪಟ್ಟಿಯಲ್ಲಿಲ್ಲದ ಕೋರ್ಸ್ ಎಷ್ಟೇ ಚೆನ್ನಾಗಿದ್ದರೂ ಅದು ನಿಮ್ಮ ಜ್ಞಾನಕ್ಕೆ ಮಾತ್ರ. ಇಲ್ಲಿ ಒಂದು ಸಣ್ಣ ವಿಷಯ ದೊಡ್ಡ ತಲೆನೋವು ತರುತ್ತದೆ: ಕೋಡ್. ಎನ್‌ಪಿಟಿಇಎಲ್ ಕೋಡ್‌ನಲ್ಲಿ 'ಎನ್‌ಒಸಿ' ಆದಮೇಲೆ ವರ್ಷದ ಎರಡು ಅಂಕಿ, ಆಮೇಲೆ ವಿಭಾಗದ ಎರಡಕ್ಷರ, ಕೊನೆಗೆ ಕ್ರಮಸಂಖ್ಯೆ ಬರುತ್ತದೆ. ಮಾನವಿಕ ಮತ್ತು ಸಮಾಜವಿಜ್ಞಾನಕ್ಕೆ 'ಎಚ್‌ಎಸ್'. ಅದೇ ಮೇಷ್ಟ್ರ ಅದೇ ಪಾಠ ಮುಂದಿನ ವರ್ಷ ಮತ್ತೆ ಬಂದಾಗ ಕೋಡ್ ಬೇರೆ. ಹಳೇ ಸರ್ಕ್ಯುಲರ್‌ನಲ್ಲಿ ಹಳೇ ಕೋಡ್, ನಿಮ್ಮ ಸರ್ಟಿಫಿಕೇಟ್‌ನಲ್ಲಿ ಹೊಸದು. ಪರೀಕ್ಷಾ ವಿಭಾಗದ ಗುಮಾಸ್ತರು ಎರಡನ್ನೂ ಪಕ್ಕಪಕ್ಕ ಇಟ್ಟು "ಇದು ಪಟ್ಟಿಯಲ್ಲಿಲ್ಲ" ಅನ್ನುತ್ತಾರೆ. ಅವರ ತಪ್ಪೂ ಅಲ್ಲ. ಅರ್ಜಿಯಲ್ಲಿ ಕೋಡ್ ಜೊತೆಗೆ ಕೋರ್ಸಿನ ಪೂರ್ತಿ ಹೆಸರು, ಕಲಿಸುವವರು, ಸಂಸ್ಥೆ, ವಾರಗಳು, ಕ್ರೆಡಿಟ್, ಮತ್ತು ಯಾವ ಪೇಪರ್‌ಗೆ ಬದಲಾಗಿ ಎಂಬುದನ್ನು ಬರೆದು, ಪ್ರಿನ್ಸಿಪಾಲರ ಇಲ್ಲವೇ ಕಾಲೇಜಿನಲ್ಲಿ ಸ್ವಯಂ ನೋಡಿಕೊಳ್ಳುವ ನೋಡಲ್ ಅಧಿಕಾರಿಯ ಸಹಿ ಹಾಕಿಸಿ ಒಂದು ಪ್ರತಿ ಇಟ್ಟುಕೊಳ್ಳಿ. ಇದು ಕೋರ್ಸ್ ಸೇರುವ ಮೊದಲು ಆಗಬೇಕಾದ ಕೆಲಸ, ಮುಗಿದ ಮೇಲಲ್ಲ.

ಸೇರುವುದು ಬೇರೆ, ಪರೀಕ್ಷೆಗೆ ನೋಂದಾಯಿಸುವುದು ಬೇರೆ. ಹನ್ನೆರಡು ವಾರ ಶ್ರದ್ಧೆಯಿಂದ ಅಸೈನ್‌ಮೆಂಟ್ ಕಳಿಸಿ, ಪರೀಕ್ಷೆಯ ಫಾರ್ಮ್ ತುಂಬದೆ ಕೈಬಿಟ್ಟವರು ಪ್ರತಿ ಸಲವೂ ಇರುತ್ತಾರೆ. ಎನ್‌ಪಿಟಿಇಎಲ್‌ನಲ್ಲಿ ಒಂದು ಕೋರ್ಸಿನ ಪರೀಕ್ಷೆಗೆ 1000 ರೂಪಾಯಿ. ಸಿಇಸಿ, ಇಗ್ನೋ ಮೊದಲಾದವರ ಕೋರ್ಸ್‌ಗಳಿಗೆ ರಾಷ್ಟ್ರೀಯ ಪರೀಕ್ಷಾ ಸಂಸ್ಥೆ (ಎನ್‌ಟಿಎ) ನಡೆಸುವ ಪರೀಕ್ಷೆ, ಅದರ ಶುಲ್ಕ ಮತ್ತು ಅರ್ಜಿ ಬೇರೆಯದೇ ಜಾಲತಾಣದಲ್ಲಿ.

ಅಂಕದ ನಿಯಮದಲ್ಲೂ ಒಂದು ಗುಪ್ತ ಮುಳ್ಳಿದೆ. ಎನ್‌ಪಿಟಿಇಎಲ್‌ನ 12 ವಾರದ ಕೋರ್ಸ್‌ನಲ್ಲಿ ಹನ್ನೆರಡು ಅಸೈನ್‌ಮೆಂಟ್‌ಗಳ ಪೈಕಿ ಹೆಚ್ಚು ಅಂಕ ಬಂದ ಎಂಟರ ಸರಾಸರಿ ತೆಗೆದು 25ಕ್ಕೆ ಇಳಿಸುತ್ತಾರೆ, ಪರೀಕ್ಷೆ 75ಕ್ಕೆ. ಪಾಸಾಗಲು ಅಸೈನ್‌ಮೆಂಟಿನಲ್ಲಿ 10, ಪರೀಕ್ಷೆಯಲ್ಲಿ 30 ಎರಡೂ ಬೇಕು. ಅಸೈನ್‌ಮೆಂಟ್‌ನಲ್ಲಿ 24, ಪರೀಕ್ಷೆಯಲ್ಲಿ 29 ಬಂದವರಿಗೆ ಒಟ್ಟು 53 ಆದರೂ ಸರ್ಟಿಫಿಕೇಟಿಲ್ಲ. ಮನೆಯಲ್ಲಿ ಕೂತು ಮಾಡುವ ಅಸೈನ್‌ಮೆಂಟಿನ ಅಂಕ ನೋಡಿ ಮೈಮರೆತವರಿಗೆ ಹೀಗಾಗುತ್ತದೆ. ಪಾಸಾದ ಅಂಕವನ್ನು ಯಾವ ಗ್ರೇಡ್‌ಗೆ ಪರಿವರ್ತಿಸುತ್ತಾರೆ ಎಂಬುದನ್ನು ಮಾತ್ರ ನಿಮ್ಮ ವಿಶ್ವವಿದ್ಯಾಲಯವನ್ನೇ ಕೇಳಬೇಕು.

ಕರ್ನಾಟಕದಲ್ಲಿ ಓದುವವರು ಸೀನಿಯರ್‌ಗಳ ಮಾತನ್ನು ತುಸು ಜರಡಿ ಹಿಡಿದು ಕೇಳುವುದು ಒಳ್ಳೆಯದು. 2021-22ರಲ್ಲಿ ಸೇರಿದವರಿಗೆ ರಾಷ್ಟ್ರೀಯ ಶಿಕ್ಷಣ ನೀತಿಯ ರಚನೆ ಬಂತು. 2024-25ರಿಂದ ಸೇರುವವರಿಗೆ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷದ ಪದವಿ ಮತ್ತು ಬೇರೆ ವಿಷಯ ರಚನೆ ತಂದಿತು. ಒಂದೇ ಕಾಲೇಜು, ಒಂದೇ ಬೆಂಚು, ನಿಯಮ ಮಾತ್ರ ಎರಡು. ಸೀನಿಯರ್ ಓಪನ್ ಎಲೆಕ್ಟಿವ್ (ಮುಖ್ಯ ವಿಷಯದ ಹೊರಗಿನ ಐಚ್ಛಿಕ ಪೇಪರ್) ಬದಲಿಗೆ ಮಾಡಿಕೊಂಡ ಕೋರ್ಸ್‌ಗೆ ನಿಮ್ಮ ಬ್ಯಾಚ್‌ನಲ್ಲಿ ಜಾಗವೇ ಇಲ್ಲದಿರಬಹುದು. ನೀವು ಸೇರಿದ ವರ್ಷದ ರೆಗ್ಯುಲೇಷನ್ ಪುಸ್ತಿಕೆಯನ್ನೇ ತೆರೆದು, ಮೇಲೆ ಹೇಳಿದ 120ರ ಲೆಕ್ಕವನ್ನು ಅದರಲ್ಲಿರುವ ಅಂಕಿಗಳಿಂದ ಮತ್ತೆ ಮಾಡಿ.

ಕೊನೆಯ ಬಾಗಿಲು ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್, ಎಲ್ಲರೂ ಎಬಿಸಿ ಅನ್ನುವ, ಗಳಿಸಿದ ಕ್ರೆಡಿಟ್ ಜಮಾ ಆಗುವ ಆನ್‌ಲೈನ್ ಖಾತೆ. 2021ರ ಜುಲೈನಲ್ಲಿ ಬಂದ ಇದರಲ್ಲಿ 12 ಅಂಕಿಯ ಐಡಿ ಡಿಜಿಲಾಕರ್ ಮೂಲಕ ಸಿಗುತ್ತದೆ, ಖರ್ಚಿಲ್ಲ, ಹತ್ತು ನಿಮಿಷದ ಕೆಲಸ. ಕ್ರೆಡಿಟ್ ಜಮಾ ಮಾಡುವುದು ಸಂಸ್ಥೆ, ವಿದ್ಯಾರ್ಥಿಗೆ ಸರ್ಟಿಫಿಕೇಟ್ ಅಪ್‌ಲೋಡ್ ಮಾಡುವ ದಾರಿ ಇಲ್ಲ. ಜಮಾ ಆದದ್ದು ಗರಿಷ್ಠ 7 ವರ್ಷ ಊರ್ಜಿತ, ಒಮ್ಮೆ ಪದವಿಗೆ ಬಳಸಿದ ಕ್ರೆಡಿಟ್ ಮತ್ತೊಂದಕ್ಕೆ ಬರುವುದಿಲ್ಲ. ನಮ್ಮ ಕಡೆಯವರಿಗೆ ಇಲ್ಲಿ ಕೈಕೊಡುವುದು ಹೆಸರು. ಎಸ್‌ಎಸ್‌ಎಲ್‌ಸಿ ಕಾರ್ಡಿನಲ್ಲಿ 'ಮಂಜುನಾಥ ಎಚ್ ಎಸ್', ಆಧಾರ್‌ನಲ್ಲಿ ಇನಿಷಿಯಲ್ ಬಿಡಿಸಿ ಊರು, ಅಪ್ಪನ ಹೆಸರು ಸಮೇತ. ಡಿಜಿಲಾಕರ್ ಹಿಡಿಯುವುದು ಆಧಾರ್‌ನದನ್ನು, ವಿಶ್ವವಿದ್ಯಾಲಯ ಕಳಿಸುವುದು ಮಾರ್ಕ್ಸ್ ಕಾರ್ಡಿನದನ್ನು. ತಾಳೆಯಾಗದಿದ್ದರೆ ಖಾತೆ ಖಾಲಿ. ಮೊದಲ ಸೆಮ್‌ನಲ್ಲೇ ಸರಿ ಮಾಡಿಸಿ, ಸ್ವಯಂ ಪರೀಕ್ಷಾ ಫಾರ್ಮ್‌ನಲ್ಲೂ ಅದೇ ಕಾಗುಣಿತ ಹಾಕಿ.

ಯಾವ ಸೆಮ್‌ನಲ್ಲಿ ಮಾಡುವುದು? ಜನವರಿ ಮತ್ತು ಜುಲೈ, ವರ್ಷಕ್ಕೆ ಎರಡು ಸುತ್ತು. ಜನವರಿಯಲ್ಲಿ ಇದ್ದ ಕೋರ್ಸ್ ಜುಲೈನಲ್ಲಿ ಇರಲೇಬೇಕೆಂದಿಲ್ಲ, ಹಾಗಾಗಿ "ಮುಂದಿನ ಸಲ ನೋಡೋಣ" ಎಂಬುದು ಕೆಟ್ಟ ಯೋಜನೆ. ಎರಡನೆಯಿಂದ ನಾಲ್ಕನೆಯ ಸೆಮ್‌ವರೆಗಿನ ಅವಧಿ ಅನುಕೂಲ. ಫೇಲಾದರೂ ಇನ್ನೊಂದು ಸುತ್ತಿಗೆ ಸಮಯವಿದೆ. ಆರನೆಯ ಸೆಮ್‌ಗೆ ಮಾತ್ರ ಇಟ್ಟುಕೊಳ್ಳಬೇಡಿ. ಸ್ವಯಂ ಫಲಿತಾಂಶ ವಿಶ್ವವಿದ್ಯಾಲಯದ ಕ್ಯಾಲೆಂಡರ್ ನೋಡಿಕೊಂಡು ಬರುವುದಿಲ್ಲ. ಎಂಎ ಸೀಟಿನ ದಾಖಲೆ ಪರಿಶೀಲನೆಯ ದಿನ ನಿಮ್ಮ ಮಾರ್ಕ್ಸ್ ಕಾರ್ಡಿನಲ್ಲಿ ಮೂರು ಕ್ರೆಡಿಟ್‌ನ ಒಂದು ಪೇಪರ್ ಎದುರು ಇನ್ನೂ ಖಾಲಿ ಮನೆ ಇರುತ್ತದೆ.