ಬೆಳಿಗ್ಗೆ ಹೋಗಿ ರಾತ್ರಿ ಬರೋದಾ, ಕ್ಯಾರವಾನ್‌ನಲ್ಲೇ ಉಳಿಯೋದಾ? ನಮ್ಮ ಮೂರು ಕಡಲ ಪ್ರವಾಸ

ಹುಬ್ಬಳ್ಳಿಯಿಂದ ಅಂಕೋಲಾಕ್ಕೆ ಸುಮಾರು 130 ಕಿಲೋಮೀಟರ್. ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿದರೆ ಕಡಲು ಬಂತು ಅಂತಲೇ ಲೆಕ್ಕ. ಅದಕ್ಕೇ ನಮ್ಮೂರಲ್ಲಿ ಬೆಳಿಗ್ಗೆ ಬಿಟ್ಟು ರಾತ್ರಿ ವಾಪಸ್ ಬಂದುಬಿಡೋಣ ಅನ್ನೋರೇ ಜಾಸ್ತಿ. ನಾವೂ ಎರಡು ಸಲ ಹಾಗೇ ಹೋಗಿ ಬಂದೆವು. ಕಳೆದ ಜನವರಿಯಲ್ಲಿ ಮಾತ್ರ ಕ್ಯಾರವಾನ್, ಅಂದರೆ ಒಳಗೇ ಉಳಿಯೋ ಮನೆಗಾಡಿ, ಬಾಡಿಗೆಗೆ ತಗೊಂಡು ನಾಲ್ಕು ದಿನ ಕರಾವಳಿಯಲ್ಲೇ ಉಳಿದೆವು.

ಮೂರೂ ಸಲ ಅದೇ ಐದು ಜನ. ನಾನು, ನಮ್ಮ ಯಜಮಾನರು, ಇಬ್ಬರು ಮಕ್ಕಳು, 72 ವರ್ಷದ ನಮ್ಮತ್ತೆ. ಅತ್ತೆಗೆ ಮೊಣಕಾಲು ನೋವು, ಜೊತೆಗೆ ಸಕ್ಕರೆ ಕಾಯಿಲೆ. ಇದನ್ನು ಮೊದಲೇ ಹೇಳುತ್ತಿದ್ದೇನೆ. ಯಾಕೆಂದರೆ ಯಾವುದು ವಾಸಿ ಅನ್ನೋದನ್ನು ನಾನು ಅಳೆದಿದ್ದು ಹೆಚ್ಚಾಗಿ ಅವರನ್ನು ನೋಡಿಯೇ.

ಮೊದಲ ಸಲ ಗೋಕರ್ಣ. ಬೆಳಗಿನ ಜಾವ ನಾಲ್ಕೂವರೆಗೆ ನಮ್ಮ ಕಾರಲ್ಲೇ ಬಿಟ್ಟೆವು. ಯಲ್ಲಾಪುರದಲ್ಲಿ ಇಡ್ಲಿ, ಚಹಾ. ಘಟ್ಟದಲ್ಲಿ ಲಾರಿಗಳ ಹಿಂದೆ ನಿಧಾನಕ್ಕೆ ಇಳಿದು ಗೋಕರ್ಣ ಮುಟ್ಟುವಾಗ ಒಂಬತ್ತಾಗಿತ್ತು. ಮಹಾಬಲೇಶ್ವರನ ದರ್ಶನ ಮುಗಿಸಿ ಓಂ ಬೀಚಿಗೆ ಹೋದಾಗ ಹನ್ನೊಂದೂವರೆ. ಮೇಲೆ ಕಾರು ನಿಲ್ಲಿಸಿ ಮೆಟ್ಟಿಲು ಇಳಿಯಬೇಕು. ಅತ್ತೆ ನಾಲ್ಕು ಮೆಟ್ಟಿಲು ಇಳಿದು ನಿಂತುಬಿಟ್ಟರು. ‘ನೀವು ಹೋಗಿ ಬರ್ರಿ, ನಾ ಇಲ್ಲೇ ಕೂಡತೀನಿ’ ಅಂದರು. ಮರದ ನೆರಳಲ್ಲಿ ಎರಡು ತಾಸು ಒಬ್ಬರೇ ಕೂತಿದ್ದರು. ಕೆಳಗೆ ನಮಗೂ ಸುಖವಿರಲಿಲ್ಲ. ಮರಳು ಕಾದು ಹಂಚಾಗಿತ್ತು, ಮಕ್ಕಳು ಚಪ್ಪಲಿ ಬಿಡೋಕೇ ಒಪ್ಪಲಿಲ್ಲ. ಕತ್ತಲಾಗೋ ಮುಂಚೆ ಘಟ್ಟ ಹತ್ತಬೇಕು ಅಂತ ಮೂರೂವರೆಗೇ ಹೊರಟೆವು. ಕಡಲ ದಂಡೆಯಲ್ಲಿ ಇರಬೇಕಾದ ಹೊತ್ತು ಬೆಳಗು ಮತ್ತು ಸಂಜೆ. ಎರಡೂ ನಮಗೆ ದಕ್ಕಲಿಲ್ಲ.

ಮನೆಗೆ ಬಂದು ಸಾಮಾನು ಇಳಿಸುವಾಗ ಅತ್ತೆಯ ನೀರಿನ ಬಾಟಲಿ ಕೈಗೆ ಸಿಕ್ಕಿತು. ಬೆಳಿಗ್ಗೆ ನಾನೇ ತುಂಬಿಸಿದ್ದು. ಹಾಗೇ ತುಂಬಿತ್ತು. ದಾರಿಯಲ್ಲಿ ಶೌಚಾಲಯ ಎಲ್ಲಿ ಸಿಗುತ್ತೋ ಇಲ್ಲವೋ ಅಂತ ಅವರು ಇಡೀ ದಿನ ನೀರೇ ಕುಡಿದಿರಲಿಲ್ಲ. ರಾತ್ರಿ ತಲೆ ಸುತ್ತು ಬಂತು. ನನಗೆ ಬಹಳ ಕೆಟ್ಟದೆನಿಸಿತು. ಒಂದು ದಿನದ ಪ್ರವಾಸದ ಖರ್ಚು ಬರೆಯೋರು ಇದನ್ನು ಲೆಕ್ಕಕ್ಕೆ ಹಿಡಿಯೋದೇ ಇಲ್ಲ. ಹೆಂಗಸರು ಎಷ್ಟು ಜನ ಹೀಗೆ ಬಾಯಿ ಒಣಗಿಸಿಕೊಂಡು ಸಮುದ್ರ ನೋಡಿ ಬರುತ್ತಾರೋ!

ಎರಡನೇ ಸಲ ಜಾಗ ಬದಲಿಸಿ ಕಾರವಾರಕ್ಕೆ ಹೋದೆವು. ಇದು ಎಷ್ಟೋ ವಾಸಿ. ರವೀಂದ್ರನಾಥ ಟ್ಯಾಗೋರ್ ಕಡಲತೀರ ಊರೊಳಗೇ ಇದೆ, ಹೆದ್ದಾರಿಗೆ ತಾಗಿಕೊಂಡೇ. ಕಾರಿಂದ ಇಳಿದರೆ ಸಮತಟ್ಟಾದ ಮರಳು, ಮೆಟ್ಟಿಲ ಕಾಟ ಇಲ್ಲ. ಊಟ, ಶೌಚಾಲಯಕ್ಕೆ ಊರಿನ ಹೋಟೆಲುಗಳು ಹತ್ತಿರ. ಮಕ್ಕಳು ಐಎನ್‌ಎಸ್ ಚಪಲ್ ಯುದ್ಧನೌಕೆ ಹತ್ತಿಳಿದು ಖುಷಿಪಟ್ಟರು. ಟ್ಯಾಗೋರರು ಚಿಕ್ಕ ವಯಸ್ಸಲ್ಲಿ ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿ ಬಂದು ಇದ್ದರು ಅಂತ ಮಗಳಿಗೆ ಹೇಳಿದೆ. ಅವಳ ಲಕ್ಷ್ಯವೆಲ್ಲ ಹಡಗಿನ ಮೇಲೇ ಇತ್ತು. ಒಂದೇ ದಿನಕ್ಕೆ ಹೋಗೋದಾದರೆ ಬೀಚು ಎಷ್ಟು ಚೆಂದ ಅಂತ ಕೇಳಬೇಡಿ. ಕಾರಿಂದ ನೀರಿಗೆ ಎಷ್ಟು ಹೆಜ್ಜೆ, ಮೆಟ್ಟಿಲು ಎಷ್ಟು, ಶೌಚಾಲಯ ಎಲ್ಲಿ ಅಂತ ಕೇಳಿ. ಎರಡೂ ಸಲ ಪೆಟ್ರೋಲು, ಊಟ, ಚಹಾ ಎಲ್ಲ ಸೇರಿ ಐದು ಸಾವಿರದೊಳಗೆ ಮುಗಿಯಿತು.

ಇನ್ನು ಕ್ಯಾರವಾನ್. ಬೆಂಗಳೂರಿಂದ ಡ್ರೈವರ್ ಸಮೇತ ತರಿಸಿದೆವು. ಟೆಂಪೋ ಟ್ರಾವೆಲರ್ ಗಾಡಿಯನ್ನೇ ಮನೆ ಥರ ಮಾಡಿದ್ದರು. ಮಡಚಿ ಬಿಡಿಸೋ ಹಾಸಿಗೆ, ಸಣ್ಣ ಫ್ರಿಜ್ಜು, ಒಂದು ಒಲೆ, ಕೈ ಚಾಚಿದರೆ ಗೋಡೆ ತಾಗೋವಷ್ಟು ಚಿಕ್ಕ ಬಚ್ಚಲು. ದಿನದ ಬಾಡಿಗೆ 8,000. ಬೆಂಗಳೂರಿಂದ ಖಾಲಿ ಬಂದು ಖಾಲಿ ಹೋಗೋ ಕಿಲೋಮೀಟರಿಗೂ ನಾವೇ ಕೊಡಬೇಕಾಯಿತು. ಡೀಸೆಲ್ಲು, ಡ್ರೈವರ್ ಭತ್ಯೆ ಎಲ್ಲ ಕೂಡಿ 48,000 ದಾಟಿತು. ಉತ್ತರ ಕರ್ನಾಟಕದವರು ಗಾಡಿ ಮಾತಾಡುವಾಗ ಈ ಖಾಲಿ ಓಡಾಟದ ಲೆಕ್ಕ ಮೊದಲೇ ಕೇಳಿಕೊಳ್ಳಿ.

ಘಟ್ಟದಲ್ಲಿ ಪಾತ್ರೆಗಳ ಸದ್ದೋ ಸದ್ದು. ಅಡ್ಡಡ್ಡ ಕೂತಿದ್ದ ಮಗನಿಗೆ ವಾಂತಿ ಆಯಿತು. ಘಟ್ಟ ಇಳಿಯೋ ತನಕ ಎಲ್ಲರೂ ಮುಂದಕ್ಕೆ ಮುಖ ಮಾಡಿಯೇ ಕೂತುಕೊಳ್ಳಿ. ಅಂಕೋಲಾ ದಾಟಿದ ಮೇಲೆ ಶಿರೂರು. 2024ರ ಜುಲೈ 16ರಂದು ಗುಡ್ಡ ಕುಸಿದು ಹೆದ್ದಾರಿ ಬದಿಯ ಚಹಾದಂಗಡಿಯ ಸಮೇತ ಜನರನ್ನು ಒಯ್ದ ಜಾಗ. ಅತ್ತೆ ಕಿಟಕಿಯಿಂದಲೇ ಕೈ ಮುಗಿದರು. ಅಲ್ಲಿಂದ ಮುಂದೆ, ಕಡಿದ ಗುಡ್ಡದ ಬುಡದಲ್ಲಿ ಗಾಡಿ ನಿಲ್ಲಿಸೋದು ಬೇಡ ಅಂತ ಡ್ರೈವರ್‌ಗೆ ಹೇಳಿಬಿಟ್ಟೆವು. ಮಳೆಗಾಲದಲ್ಲಂತೂ ಈ ಪ್ರವಾಸದ ಯೋಚನೆಯೇ ಬೇಡ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ.

ಮೊದಲ ರಾತ್ರಿ ನಮ್ಮದು ಫಜೀತಿ. ಕಡಲ ಮುಂದೆಯೇ ನಿಲ್ಲಿಸಬಹುದು, ಕರೆಂಟೂ ಇದೆ ಅಂತ ಆ ಜಾಗದವರು ಫೋನಲ್ಲಿ ಹೇಳಿದ್ದರು. ಹೋಗಿ ನೋಡಿದರೆ ಫ್ಯಾನಿನ ಪ್ಲಗ್ಗು ಮಾತ್ರ. ಏಸಿ ನಡೆಯೋಕೆ 15 ಆಂಪಿಯರ್ ಪ್ಲಗ್ ಬೇಕು. ಅದು ಸಾಲದು ಅಂತ ಗಾಡಿ ಹತ್ತಡಿ ಮುಂದೆ ಹೋಗಿ ಹಿಂದಿನ ಚಕ್ರ ಮರಳಲ್ಲಿ ಹೂತುಹೋಯಿತು. ಡ್ರೈವರ್ ಎಕ್ಸಿಲರೇಟರ್ ಒತ್ತಿದಷ್ಟೂ ಇನ್ನೂ ಕೆಳಕ್ಕೆ. ಮೀನುಗಾರ ಹುಡುಗರು ನಾಲ್ಕು ಜನ ಬಂದರು. ಮೊದಲು ಎಂಜಿನ್ ಬಂದ್ ಮಾಡಿಸಿದರು. ಚಕ್ರದ ಗಾಳಿ ಅರ್ಧಕ್ಕೆ ಇಳಿಸಿ, ಮುಂದಿನ ಮರಳು ಕೈಯಿಂದಲೇ ತೋಡಿ, ದೋಣಿ ಎಳೆಯೋಕೆ ಹಾಕೋ ಹಲಗೆ ಕೊಟ್ಟರು. ಇಪ್ಪತ್ತು ನಿಮಿಷದಲ್ಲಿ ಗಾಡಿ ಮೇಲೆ ಬಂತು. ಅವರಲ್ಲೊಬ್ಬ ನೆಲದ ಮೇಲೆ ಹಬ್ಬಿದ್ದ ನೇರಳೆ ಹೂವಿನ ಬಳ್ಳಿ ತೋರಿಸಿ, ‘ಇದು ಕಂಡ್ರೆ ಅಲ್ಲೇ ನಿಲ್ಲಿ, ಮುಂದೆ ಎಲ್ಲ ಸಡಿಲ ಮರಳು’ ಅಂದ. ಆ ಬಳ್ಳಿಯೇ ಮರಳನ್ನು ಹಿಡಿದಿಡೋದು, ಅದರ ಮೇಲೆ ಗಾಡಿ ಓಡಿಸಲೂಬಾರದು. ಅಂದು ಏಸಿ ಇಲ್ಲದೆ ಬೆವರಿನಲ್ಲೇ ಮಲಗಿದೆವು. ಮಾರನೇ ದಿನ ಅತ್ತೆಯ ಮಾತು: ‘ಇಡೀ ರಾತ್ರಿ ಗಿರಣಿ ನಡದಂಗ ಸಪ್ಪಳಾ ಬಂತು ನೋಡವಾ.’ ನಿದ್ದೆ ಆಗಲಿಲ್ಲ ಅನ್ನೋ ದೂರಲ್ಲ ಅದು. ಕಡಲ ಸದ್ದು ಹೊಸದಾಗಿ ಕೇಳಿದ ಖುಷಿ.

ಎರಡನೇ ದಿನ ಹೊನ್ನಾವರದ ಕಾಸರಕೋಡು. ಇಲ್ಲಿನ ಇಕೋ ಬೀಚಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್, ಅಂದರೆ ಸ್ವಚ್ಛ, ಸುರಕ್ಷಿತ ಕಡಲತೀರಕ್ಕೆ ಕೊಡೋ ಅಂತರರಾಷ್ಟ್ರೀಯ ಮಾನ್ಯತೆಯ ಬಾವುಟ, ಸಿಕ್ಕಿತು. ಪಡುಬಿದ್ರಿಗೂ ಅದೇ ವರ್ಷ ಸಿಕ್ಕಿತು. ಬಾವುಟಕ್ಕಿಂತ ನನಗೆ ಮುಖ್ಯವಾಗಿದ್ದು ಅದರ ಹಿಂದಿರೋ ವ್ಯವಸ್ಥೆ. ಚೊಕ್ಕಟವಾದ ಶೌಚಾಲಯ, ಬಟ್ಟೆ ಬದಲಿಸೋ ಕೋಣೆ, ಮೈ ತೊಳೆಯೋ ನಲ್ಲಿ, ಜೀವರಕ್ಷಕರು. ಇವು ಇಷ್ಟು ಸಾಲಾಗಿ ಬೇರೆಲ್ಲೂ ನಮಗೆ ಸಿಗಲಿಲ್ಲ.

ರಾತ್ರಿಗೆ ಹತ್ತಿರದ ಒಂದು ಹೋಂಸ್ಟೇ ಅಂಗಳದಲ್ಲಿ ತೆಂಗಿನ ಮರಗಳ ನಡುವೆ ಗಾಡಿ ನಿಲ್ಲಿಸಿದೆವು. ಪ್ಲಗ್ಗು, ಬಾವಿ ನೀರು ಎರಡೂ ಇತ್ತು. ಗಾಡಿಯ ನೀರಿನ ಟ್ಯಾಂಕು 100 ಲೀಟರಿನದು. ಉಪ್ಪುನೀರಲ್ಲಿ ಆಡಿಬಂದ ಇಬ್ಬರು ಮಕ್ಕಳ ಮೈ ತೊಳೆಯೋದಕ್ಕೇ ಅರ್ಧ ಹೋಗುತ್ತೆ. ಗಾಡಿಯ ಶೌಚದ ಡಬ್ಬಿಯನ್ನು ದಿನಾ ಒಂದು ಸರಿಯಾದ ಶೌಚಾಲಯದಲ್ಲೇ ಖಾಲಿ ಮಾಡಬೇಕು, ದಯವಿಟ್ಟು ಕಡಲ ಬದಿಯಲ್ಲಲ್ಲ. ಈ ಮೂರಕ್ಕೂ ಇಂಥ ಅಂಗಳ ಬೇಕೇ ಬೇಕು. ಎಲ್ಲಿ ಬೇಕಾದರೂ ನಿಲ್ಲಿಸಿ ಮಲಗಬಹುದು ಅನ್ನೋ ಕನಸು ಮೊದಲ ರಾತ್ರಿಯೇ ಮುಗಿದಿತ್ತು.

ಮರುದಿನ ಬೆಳಿಗ್ಗೆ ಆರೂವರೆಗೆ ಎಚ್ಚರಾದಾಗ ಅತ್ತೆ ಗಾಡಿಯಲ್ಲಿ ಇರಲಿಲ್ಲ. ಗಾಬರಿಯಾಗಿ ಹೊರಗೆ ಬಂದೆ. ಮಡಚೋ ಕುರ್ಚಿ ತಾವೇ ತಗೊಂಡು ಹೋಗಿ ದಂಡೆಯ ಮೇಲೆ ಕೂತಿದ್ದರು. ಸೆರಗು ತಲೆ ಮೇಲೆ, ಕಾಲು ತಣ್ಣನೆ ಮರಳಲ್ಲಿ. ನಮ್ಮದು ಪಶ್ಚಿಮದ ಕಡಲು ಅಲ್ವಾ, ಸೂರ್ಯ ಹುಟ್ಟೋದು ಬೆನ್ನ ಹಿಂದೆ, ತೋಟದ ಮೇಲೆ. ಎಂಟರ ತನಕ ದಂಡೆಯಲ್ಲಿ ನೆರಳೇ ಇರುತ್ತೆ. ಎದುರಿಗೆ ರಂಪಣಿ ಬಲೆ ಎಳೆಯುತ್ತಿದ್ದರು. ಎರಡು ಕಡೆ ಎರಡು ಸಾಲು ಜನ, ಹಗ್ಗ ಸೊಂಟಕ್ಕೆ ಆನಿಸಿಕೊಂಡು ಹಿಂದೆ ಹಿಂದೆ ಹೆಜ್ಜೆ ಇಡುತ್ತ. ಸಾಲಿನ ಕೊನೆ ತಲುಪಿದವನು ಹಗ್ಗ ಬಿಟ್ಟು ಮತ್ತೆ ನೀರಿನ ಹತ್ತಿರ ಓಡಿ ಹೋಗಿ ಹಿಡಿಯುತ್ತಿದ್ದ. ಎರಡು ಸಾಲೂ ಹತ್ತಿರ ಬರ್ತಾ ಬರ್ತಾ ಬಲೆಯ ಹೊಟ್ಟೆ ಕಾಣಿಸಿತು, ಬೆಳ್ಳಗೆ ಮಿಣಮಿಣ. ಮೇಲೆ ಗರುಡ ಸುತ್ತುತ್ತಿತ್ತು. ಮಕ್ಕಳೂ ಹಗ್ಗದ ಬಾಲ ಹಿಡಿದರು. ನಮ್ಮದು ಸಸ್ಯಾಹಾರಿ ಮನೆ, ಆದರೂ ಅತ್ತೆ ಮೀನು ಬುಟ್ಟಿ ಸೇರೋ ತನಕ ಏಳಲಿಲ್ಲ. ಒಂಬತ್ತರವರೆಗೆ ಅಲ್ಲೇ ಕೂತು ಎರಡು ಲೋಟ ಚಹಾ, ಒಂದು ತಂಬಿಗೆ ನೀರು ಕುಡಿದರು. ನಾನು ಎಣಿಸಿದೆ.

ಮೂರನೇ ದಿನದ ಓಡಾಟ ಜಾಸ್ತಿಯಾಯಿತು. ಮುರುಡೇಶ್ವರದ 123 ಅಡಿ ಶಿವ, ಆಮೇಲೆ ಒಂದು ಕಡೆ ಸೌಪರ್ಣಿಕಾ ನದಿ, ಇನ್ನೊಂದು ಕಡೆ ಸಮುದ್ರ ಇರೋ ಮರವಂತೆಯ ರಸ್ತೆ. ಮರವಂತೆ ನೋಡೋ ಕಡಲು, ಇಳಿಯೋ ಕಡಲಲ್ಲ, ಅಲೆಗಳ ಸೆಳೆತ ಜೋರು. ಚೆಂದ ಹೌದು, ಆದರೆ ಅದಕ್ಕಾಗಿ ನಾಲ್ಕನೇ ದಿನವಿಡೀ ವಾಪಸ್ ದಾರಿಯಲ್ಲೇ ಕಳೆಯಿತು. ಕ್ಯಾರವಾನ್ ಇದೆ ಅಂತ ದಿನಕ್ಕೊಂದು ಊರು ಮಾಡೋದು ತಪ್ಪು.

ಎದುರುಬದುರು ಇಟ್ಟು ನೋಡಿದರೆ ದುಡ್ಡಿನಲ್ಲಿ ಕಾರೇ ಗೆಲ್ಲುತ್ತೆ, ಅದರಲ್ಲಿ ಮಾತೇ ಇಲ್ಲ. ನಿದ್ದೆಯಲ್ಲೂ ಹಾಗೇ, ರಾತ್ರಿ ನಮ್ಮ ಹಾಸಿಗೆಯಲ್ಲೇ ಮಲಗುತ್ತೇವೆ. ಆದರೆ ಒಂದು ದಿನದಲ್ಲಿ ನಮಗೆ ಭರತವೋ ಇಳಿತವೋ, ಹೋದ ಹೊತ್ತಿಗೆ ಏನಿದೆಯೋ ಅಷ್ಟೇ. ಕಾರವಾರದಲ್ಲಿ ನೀರು ಮೇಲೆ ಬಂದು ಮಕ್ಕಳಿಗೆ ಆಡೋ ಜಾಗವೇ ಕಿರಿದಾಗಿತ್ತು. ಕಾಸರಕೋಡಿನಲ್ಲಿ ಎರಡೂ ಕಂಡೆವು. ಇಳಿತದ ಹೊತ್ತು ದಿನಾ ಸುಮಾರು 50 ನಿಮಿಷ ಮುಂದೆ ಹೋಗುತ್ತೆ ಅಂತ ಮಗಳು ತಾನೇ ಗಡಿಯಾರ ನೋಡಿ ಕಂಡುಕೊಂಡಳು.

ಅದೇ ಹೋಂಸ್ಟೇಯಲ್ಲಿ 2,500ಕ್ಕೆ ಕೋಣೆ ಖಾಲಿ ಇತ್ತು, ಮತ್ತೆ ಗಾಡಿ ಯಾಕೆ ಅಂತ ಯಜಮಾನರು ಕೇಳಿದರು. ನ್ಯಾಯವಾದ ಪ್ರಶ್ನೆ. ರಾತ್ರಿಗೆ ಕೋಣೆಯೇ ಮೇಲು. ಹಗಲಿಗೆ ಮಾತ್ರ ಗಾಡಿ. ಅತ್ತೆ ಬೇಕಾದಾಗ ಮಲಗಿದರು, ಬೇಕಾದಾಗ ಬಚ್ಚಲಿಗೆ ಹೋದರು, ಮನೆಯಿಂದ ತಂದ ರೊಟ್ಟಿ, ಶೇಂಗಾ ಚಟ್ನಿ ಹೊತ್ತಿಗೆ ಸರಿಯಾಗಿ ತಿಂದು ಮಾತ್ರೆ ತಗೊಂಡರು. ಯಾರನ್ನೂ ಏನೂ ಕೇಳಬೇಕಾಗಲಿಲ್ಲ. ಮನೆಯಲ್ಲಿ ಎಲ್ಲರೂ ಗಟ್ಟಿಮುಟ್ಟಾಗಿದ್ದರೆ ಕಾರಲ್ಲಿ ಕಾರವಾರಕ್ಕೆ ಹೋಗಿ ಬನ್ನಿ, ಸಾಕು. ವಯಸ್ಸಾದವರು ಜೊತೆಗಿದ್ದರೆ, ದುಡ್ಡು ಹೊಂದುತ್ತೆ ಅಂದರೆ, ಕ್ಯಾರವಾನ್ ತಗೊಳ್ಳಿ. ನಾಲ್ಕು ದಿನ ಬೇಡ, ಒಂದೇ ಜಾಗ, ಎರಡು ರಾತ್ರಿ.

ನಾವು ಡಿಸೆಂಬರ್‌ಗೆ ಅದೇ ಅಂಗಳಕ್ಕೆ ಹೇಳಿಟ್ಟಿದ್ದೇವೆ. ಪ್ಲಗ್ಗಿನ ಫೋಟೋ ತರಿಸಿಕೊಂಡೇ ಮುಂಗಡ ಕೊಟ್ಟಿದ್ದು. ಮುರುಡೇಶ್ವರ ಮತ್ತೆ ಬೇಕಾ ಅಂತ ಅತ್ತೆಯನ್ನು ಕೇಳಿದೆ. ‘ಏನೂ ಬ್ಯಾಡವಾ, ಆ ಬಲಿ ಎಳಿಯೂ ಹೊತ್ತಿಗೆ ನನ್ನ ಎಬ್ಬಿಸಿದ್ರ ಆತು’ ಅಂದರು.