ಚಂಡೀಗಢ: 5ನೇ ಸೆಕ್ಟರಿನ ಮನೆಯೋ, 19ರ ಆಫೀಸೋ?

ಒಂದೇ ಕಡೆ ನೋಡುವಷ್ಟು ಹೊತ್ತಿದ್ದರೆ 5ನೇ ಸೆಕ್ಟರಿನ 57ನೇ ನಂಬರ್ ಮನೆಗೇ ಹೋಗಿ. ಚಂಡೀಗಢ ಕಟ್ಟಿದ ವಾಸ್ತುಶಿಲ್ಪಿಗಳಲ್ಲಿ ಒಬ್ಬರಾದ ಪಿಯರ್ ಜೆನ್ನೆರೆ 1954ರಿಂದ 1965ರ ತನಕ ಇದ್ದ ಮನೆ ಅದು, 2017ರಿಂದ ಮ್ಯೂಸಿಯಂ. (ಅವರು ಹುಟ್ಟಿದ್ದು 1896ರಲ್ಲಿ, ನಮ್ಮ ಬೇಂದ್ರೆ ಅಜ್ಜ ಹುಟ್ಟಿದ ವರ್ಷವೇ.) ಊರಿನ ಮುಖ್ಯ ವಾಸ್ತುಶಿಲ್ಪಿ ಲೆ ಕಾರ್ಬುಸಿಯೆ ಹೆಸರಿನ, 19ನೇ ಸೆಕ್ಟರಿನ ಲೆ ಕಾರ್ಬುಸಿಯೆ ಸೆಂಟರ್‌ನ ಹೆಸರು ದೊಡ್ಡದು. ಆದರೆ ಅದು ಊರು ಕಟ್ಟುವಾಗ ವಾಸ್ತುಶಿಲ್ಪಿಗಳು ಕೂತು ಕೆಲಸ ಮಾಡಿದ ಆಫೀಸು, ಯಾರ ಮನೆಯೂ ಅಲ್ಲ. ಆಟೋದವರಿಗೆ ಬರೀ "ಕಾರ್ಬುಸಿಯೆ" ಅಂದರೆ ಅಲ್ಲಿಗೇ ಒಯ್ಯುತ್ತಾರೆ. ಸೆಕ್ಟರ್, ಮನೆ ನಂಬರ್ ಎರಡೂ ಹೇಳಿ.

ತಕರಾರು ಇರುವುದು ವಾರದ ಲೆಕ್ಕದಲ್ಲಿ. ಕರ್ನಾಟಕ ಸಂಪರ್ಕ ಕ್ರಾಂತಿ ರೈಲು ಹುಬ್ಬಳ್ಳಿ, ಧಾರವಾಡ ಹಾದು ನೇರ ಚಂಡೀಗಢಕ್ಕೆ ಹೋಗುತ್ತದೆ, ನಡುವೆ ಎರಡು ರಾತ್ರಿ. ಶನಿವಾರ ಹತ್ತಿದರೆ ಇಳಿಯುವುದು ಸೋಮವಾರ. ಸೋಮವಾರ ಎರಡೂ ಕಡೆ ಬಾಗಿಲು ಹಾಕಿರುತ್ತದೆ! ವಾಪಸ್ ಟಿಕೆಟ್ ಮರುದಿನ ನಸುಕಿಗೇ ಮಾಡಿಸಿದ್ದರೆ ಅಷ್ಟು ದೂರ ಹೋಗಿ ಬೀಗ ನೋಡಿ ಬಂದಂತೆ. ಕೈಯಲ್ಲಿ ಒಂದು ಮಂಗಳವಾರ ಇಟ್ಟುಕೊಂಡೇ ರಿಸರ್ವೇಶನ್ ಮಾಡಿಸಿ. ಇನ್ನು 5 ಮತ್ತು 19 ಅಂದಕೂಡಲೇ ದೂರ ಅನ್ನಿಸುತ್ತದೆ, ಹಾಗಿಲ್ಲ: ನಕ್ಷೆಯಲ್ಲಿ 5ರ ಕೆಳಗೆ 8, ಅದರ ಕೆಳಗೆ 18, ಪಕ್ಕದಲ್ಲೇ 19.

ಆಫೀಸಿನಲ್ಲಿ ನಕ್ಷೆ, ಪತ್ರ, ಫೋಟೋ ಹೆಚ್ಚು. ಓದುವ ತಾಳ್ಮೆ ಬೇಕು.

ಮನೆಯಲ್ಲಿ ಇಟ್ಟಿಗೆಯ ಜಾಲಿಯಿಂದ ಬೆಳಕು ಎಲ್ಲಿ ಬೀಳುತ್ತದೆ, ಕುರ್ಚಿ ಎಲ್ಲಿ ಕೂರುತ್ತದೆ ಅನ್ನುವುದು ಒಟ್ಟಿಗೇ ತಿಳಿಯುತ್ತದೆ. ಜೆನ್ನೆರೆ ವಿನ್ಯಾಸದ ಆ ಸಾಗವಾನಿ ಕುರ್ಚಿಯನ್ನು ಮುಂದಿನಿಂದ ನೋಡಿದರೆ ಬರೀ ಬೆತ್ತ ಕಾಣುತ್ತದೆ. ಪಕ್ಕಕ್ಕೆ ಬಂದು ಕುಕ್ಕರುಗಾಲಲ್ಲಿ ಕೂತು ನೋಡಬೇಕು: ಮುಂದಿನ ಕಾಲು, ಹಿಂದಿನ ಕಾಲು ಮೇಲೆ ಕೂಡಿ, ಬೋರಲು ಹಾಕಿದ ವಿ ಅಕ್ಷರದಂತೆ ನಿಂತು ಕೈಯಾಸರೆಯನ್ನೂ ಹೊರುತ್ತವೆ. ಅದರ ಜೀವ ಆ ಕೂಡುವ ಜಾಗದಲ್ಲಿದೆ. ಊರಿನ ಬಡಿಗೇರರಿಂದ ಅಂಥದ್ದೇ ಮಾಡಿಸುವ ಆಸೆ ಇದ್ದರೆ ಫೋಟೋ ತೆಗೆಯಲು ಮೊದಲು ಅನುಮತಿ ಕೇಳಿ, ಮೊಬೈಲನ್ನು ಸೀಟಿನ ಎತ್ತರಕ್ಕೇ ಹಿಡಿದು ಪಕ್ಕದಿಂದ ನೇರ ತೆಗೆಯಿರಿ. ನಿಂತು ಮೇಲಿನಿಂದ ತೆಗೆದರೆ ಕಾಲಿನ ಓರೆ ತಪ್ಪಾಗಿ ಕಾಣುತ್ತದೆ, ಕೊಯ್ತವೂ ತಪ್ಪುತ್ತದೆ, ಸಾಗವಾನಿ ದಂಡ. ಕುರ್ಚಿಯಲ್ಲಿ ಕೂರಬೇಡಿ.

ಕಾಗದಪತ್ರ ಓದುವವರಿಗೆ, ಆರ್ಕಿಟೆಕ್ಚರ್ ಹುಡುಗರಿಗೆ 19 ಸರಿ. ಕೈಕೆಲಸ ನೋಡುವ ಕಣ್ಣಿದ್ದವರಿಗೆ, ರೈಲಿನ ಖರ್ಚೇ ಭಾರ ಅನ್ನುವವರಿಗೆ 57ನೇ ಮನೆ ಒಂದೇ ಸಾಕು. ಅಲ್ಲಿಂದ ಸುಖನಾ ಕೆರೆಗೂ ಹೋಗಿ ಬನ್ನಿ. ಜೆನ್ನೆರೆ ಅವರ ಚಿತಾಭಸ್ಮ ಬಿಟ್ಟದ್ದು ಅದೇ ನೀರಿನಲ್ಲಿ.